ಓಹೇರ್‌ನ ಕರಿ ಕುರ್ಚಿ

ವಿದೇಶಕ್ಕೆ ಹೋಗಿ ಬಂದವರನ್ನು ಕೇಳಿದರೆ ನಯಾಗರಾ ಅಂತಾರೆ, ನ್ಯೂಯಾರ್ಕ್ ಅಂತಾರೆ. ನಾನು ನಿಮಗೆ ಹೇಳಹೊರಟಿರುವುದು ಮಾತ್ರ ಒಂದು ಕುರ್ಚಿಯ ವಿಷಯ. ನಗಬೇಡಿ!

2018ರ ಚಳಿಗಾಲ. ನಮಗೆ ಅಮ್ಮ ಇಲ್ಲ. ತಂಗಿಯ ಚೊಚ್ಚಲ ಬಾಣಂತನಕ್ಕೆ ನಾನೇ ಹೊರಡಬೇಕಾಯ್ತು. ಅವಳಿದ್ದದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕು. ಹೊರಗೆ ನೋಡಿದರೆ ಹಿಮ ಸುರಿಯುತ್ತಿದೆ. ವಿಮಾನ ಒಂದು ಗಂಟೆ ತಡ, ಎರಡು ಗಂಟೆ ತಡ ಎನ್ನುತ್ತಾ ಕೊನೆಗೆ ಬೆಳಿಗ್ಗೆಗೇ ಹೋಯಿತು. ಅಷ್ಟರಲ್ಲಿ ತಂಗಿಯ ಗಂಡನ ಫೋನು: "ಅಕ್ಕಾ, ನೋವು ಶುರುವಾಗಿದೆ. ಆಸ್ಪತ್ರೆಗೆ ಹೊರಟಿದ್ದೀವಿ."

ಮಡಿಲಲ್ಲಿ ಮೆಂತ್ಯದ ಉಂಡೆಯ ಡಬ್ಬಿ ಇಟ್ಟುಕೊಂಡು ಕುಸಿದು ಕುಳಿತೆ. ಕರಿ ಬಣ್ಣದ ಸಾಲು ಕುರ್ಚಿ. ಇಷ್ಟು ತೆಳ್ಳಗಿದೆ, ಇದರಲ್ಲಿ ರಾತ್ರಿ ಕಳೆಯೋದು ಹೇಗಪ್ಪಾ ಅನ್ನಿಸಿತ್ತು. ಕುಳಿತ ಮೇಲೆ ಗೊತ್ತಾಯ್ತು. ಒಳಗೆ ಹಲಗೆ ಇಲ್ಲ, ಸ್ಪ್ರಿಂಗ್ ಇಲ್ಲ. ರೆಕ್ಸಿನ್‌ನಂಥ ಮೆತ್ತೆಯನ್ನು ಅಲ್ಯೂಮಿನಿಯಂ ಚೌಕಟ್ಟಿನ ನಡುವೆ ಜೋಲಿಯ ಹಾಗೆ ಬಿಗಿದಿದ್ದಾರೆ. ಸೊಂಟಕ್ಕೆ ಹಿತವಾಗಿತ್ತು. ನಡುವೆ ಕೈಗಳಿರುವುದರಿಂದ ಕಾಲು ಚಾಚಿ ಮಲಗುವಂತಿಲ್ಲ, ಅದೊಂದು ಕೊರತೆ. ಆ ರಾತ್ರಿ ನನಗೆ ನಿದ್ದೆಯಾದರೂ ಎಲ್ಲಿ ಬರಬೇಕು?

ನಡುರಾತ್ರಿ ಒಬ್ಬಾಕೆ ಕಸ ಗುಡಿಸಲು ಬಂದಳು. ಒಂದೊಂದು ಕುರ್ಚಿಗೂ ನಾಲ್ಕು ಕಾಲುಗಳಿಲ್ಲ; ಇಡೀ ಸಾಲೇ ಒಂದು ಉದ್ದನೆಯ ತೊಲೆಯ ಮೇಲೆ ನಿಂತಿದೆ. ಅವಳ ಪೊರಕೆ ಅಡಿಯಲ್ಲಿ ಸಲೀಸಾಗಿ ಆಡಿತು. ಮೆತ್ತೆಗೆ ದಾರದ ಹೊಲಿಗೆಯೇ ಇಲ್ಲ, ಶಾಖದಿಂದಲೇ ಅಂಚು ಕೂಡಿಸಿದ್ದಾರೆ. ಹಾಗಾಗಿ ಚೂರುಪಾರು ಸೇರಿಕೊಳ್ಳುವ ಸಂದು ಕಡಿಮೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದಳು, ಮುಗಿಯಿತು!

ಬೆಳಗಿನ ಜಾವ ಫೋನು ಬಂತು. ಹೆಣ್ಣು ಮಗು, ಇಬ್ಬರೂ ಕ್ಷೇಮ. ಆ ಕುರ್ಚಿಯಲ್ಲೇ ಕುಳಿತು ಅತ್ತುಬಿಟ್ಟೆ.

ಮುಂದೆ ಒಂದು ದಿನ ತಂಗಿಯ ಗಂಡ ಅದರ ಕಥೆ ಹೇಳಿದರು. ಅವರ ಕಸುಬೇ ಕಟ್ಟಡಗಳ ನಕ್ಷೆ ಹಾಕುವುದು. ಕುರ್ಚಿಯನ್ನು ರೂಪಿಸಿದವರು ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂಬ ಗಂಡ ಹೆಂಡತಿ. ಚಾರ್ಲ್ಸ್ ಹುಟ್ಟಿದ್ದು 1907ರಲ್ಲಿ, ಅದೇ ಸೇಂಟ್ ಲೂಯಿಸ್‌ನಲ್ಲಿ! ವಿಮಾನ ನಿಲ್ದಾಣಗಳಿಗೆಂದೇ 1962ರಲ್ಲಿ ಇದನ್ನು ತಂದರಂತೆ. ಮೆತ್ತೆ ಹರಿದರೆ ಅದೊಂದನ್ನೇ ಬದಲಾಯಿಸಿದರೆ ಸಾಕು. ಇನ್ನೂ ಕೇಳಿ. ಭಾರತ ಸರ್ಕಾರದ ಕೋರಿಕೆಯಂತೆ ನಮ್ಮ ದೇಶ ಸುತ್ತಿ, 1958ರಲ್ಲಿ ವರದಿ ಬರೆದುಕೊಟ್ಟವರೂ ಇವರೇ. ಆ ವರದಿಯಲ್ಲಿ ಅವರು ಬಾಯ್ತುಂಬ ಹೊಗಳಿದ್ದು ನಮ್ಮ ತಂಬಿಗೆಯನ್ನು! ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಯೋಚಿಸಿ ನೋಡಿ. ತಂಬಿಗೆಯಲ್ಲಿ ಬೇಡದ್ದು ಏನಾದರೂ ಇದೆಯೇ? ಹಿಡಿಯಲು ಕಂಠ, ತುಂಬಲು ಹೊಟ್ಟೆ, ಬೆಳಗಲು ಸುಲಭ. ಆ ಕುರ್ಚಿಯೂ ಹಾಗೆಯೇ.

ಸೋಫಾ ಕೊಳ್ಳಲು ಹೊರಟಾಗ ನೀವೂ ಮೂರು ವಿಷಯ ನೋಡಿ: ಅಡಿಯಲ್ಲಿ ಪೊರಕೆ ಹೋಗುತ್ತದೆಯೇ, ಧೂಳು ಕೂರುವ ಸಂದುಗಳೆಷ್ಟು, ಹರಿದರೆ ಒಂದು ಮೆತ್ತೆಯನ್ನಷ್ಟೇ ಬದಲಾಯಿಸಬಹುದೇ? ಅಂದಚೆಂದ ಆಮೇಲೆ. ಆಸ್ಪತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ ಯಾರೋ ತಾಯಿಯೋ ಅಕ್ಕನೋ ಜೀವ ಕೈಯಲ್ಲಿ ಹಿಡಿದು ಕಾಯುತ್ತಿರುತ್ತಾರೆ. ಅವರ ಬೆನ್ನಿಗೆ ಅಂಥದೊಂದು ಆಸರೆ ಸಿಕ್ಕರೆ ಅದು ದೊಡ್ಡ ಉಪಕಾರವಲ್ಲವೇ?