ಬಯಲಿನ ಬೆಳಕು, ಕೆರೆಯ ಪರೀಕ್ಷೆ

ಶರಣ ಸಾಹಿತ್ಯದ ಪಾರಾಯಣವಿರುವ ಮನೆಗಳಿಗೆ 'ಬಯಲು' ಎಂಬುದು ಹೊಸ ಶಬ್ದವಲ್ಲ. ಬರಿದಾಗಿ ಕಾಣುವುದು ನಿಜವಾಗಿ ಬರಿದಲ್ಲವೆಂಬ ಅರಿವು ಆ ಒಂದು ಶಬ್ದದಲ್ಲಿ ಅಡಗಿದೆ. ವಿಜ್ಞಾನಿಗಳು ತಮ್ಮದೇ ದಾರಿಯಲ್ಲಿ ನಡೆದು, ಆಕಾಶದ ಬಯಲೂ ಬರಿದಲ್ಲವೆಂಬುದನ್ನು ಕಂಡುಕೊಂಡಿದ್ದಾರೆ.

1964ರಲ್ಲಿ ಅಮೆರಿಕದ ಆರ್ನೊ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅವರ ಆಂಟೆನಾದಲ್ಲಿ ಒಂದು ಕ್ಷೀಣವಾದ ಸದ್ದು ಕಾಣಿಸಿಕೊಂಡಿತು. ಯಾವ ದಿಕ್ಕಿಗೆ ತಿರುಗಿಸಿದರೂ ಹಗಲಿರುಳು ಅದು ಒಂದೇ ಸಮನಾಗಿತ್ತು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆಯನ್ನು ತೆಗೆದು ಶುಚಿಗೊಳಿಸಿದರೂ ಅದು ನಿಲ್ಲಲಿಲ್ಲ. ವಿಶ್ವವು ಉದಿಸಿದ ಸುಮಾರು 3,80,000 ವರ್ಷಗಳ ತರುವಾಯ ಹೊರಟ ಬೆಳಕು, 1380 ಕೋಟಿ ವರ್ಷ ಪಯಣಿಸಿ, ತಣಿದು, ಸೂಕ್ಷ್ಮತರಂಗವಾಗಿ ನಮ್ಮನ್ನು ಮುಟ್ಟುತ್ತಿದೆಯೆಂದು ಬಳಿಕ ತಿಳಿಯಿತು. ಇಂದು ಅದರ ಉಷ್ಣತೆ ಸೊನ್ನೆಗಿಂತ 270 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಈ ಶೋಧಕ್ಕೆ 1978ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಮೊದಲ ನಕ್ಷತ್ರಗಳು ಬೆಳಗಿದಾಗ, ಸುತ್ತಲಿನ ಜಲಜನಕವು ಈ ಆದಿಬೆಳಕಿನ ಅಲ್ಪಾಂಶವನ್ನು ಹೀರಿಕೊಂಡಿರಬೇಕು. ಆ ಗುರುತು ಸಿಕ್ಕಿತೆಂದು 2018ರಲ್ಲಿ ಅಮೆರಿಕದ ತಂಡವೊಂದು ಆಸ್ಟ್ರೇಲಿಯದ ಮರುಭೂಮಿಯಲ್ಲಿಟ್ಟ ಉಪಕರಣದಿಂದ ಸಾರಿತು. ಜಗತ್ತೆಲ್ಲ ಬೆರಗಾಯಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಾತ್ರ ಅದನ್ನು ಒರೆಗೆ ಹಚ್ಚಲು ನಿಶ್ಚಯಿಸಿದರು.

ಲೋಕಿಕೆರೆಯೆಂದು ಕೆರೆಯ ಹೆಸರನ್ನೇ ಹೊತ್ತ ಊರಿನವನಾದ ನನಗೆ ಇಲ್ಲಿಂದ ಮುಂದಿನದು ಬಲು ಹಿತವಾದ ವೃತ್ತಾಂತ. ನೆಲದೊಳಗಿನ ಮಣ್ಣು, ಕಲ್ಲುಗಳ ಪದರಗಳು ಅಳತೆಯನ್ನು ಕದಡುತ್ತವೆ. ನೀರಾದರೋ ಆಳದವರೆಗೂ ಒಂದೇ ಹದ. ಆದ್ದರಿಂದ ಅವರು 'ಸರಸ್ 3' ಎಂಬ ತಮ್ಮ ಆಂಟೆನಾವನ್ನು ತೆಪ್ಪದ ಮೇಲೆ ತೇಲಿಬಿಟ್ಟರು. 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ಅಳೆದರು. ಹೇಳಲಾಗಿದ್ದ ಗುರುತು ಅಲ್ಲಿ ಕಾಣಲಿಲ್ಲ. ಅದು ಆಕಾಶದಿಂದ ಬಂದುದಲ್ಲವೆಂದು ಶೇಕಡ 95ಕ್ಕೂ ಮಿಕ್ಕ ಖಚಿತತೆಯಿಂದ 2022ರಲ್ಲಿ ಪ್ರಕಟಿಸಿದರು.

ಒಮ್ಮೆ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು, ವಿಶ್ವೋತ್ಪತ್ತಿಯ ವಿಜ್ಞಾನವನ್ನೆಲ್ಲ ಶರಣರು ಎಂಟು ನೂರು ವರ್ಷಗಳ ಹಿಂದೆಯೇ ಹೇಳಿದ್ದರೆಂದರು. ಚಪ್ಪಾಳೆ ಬಿತ್ತು. ಪಕ್ಕದಲ್ಲಿದ್ದ ನನ್ನ ಮೊಮ್ಮಗಳು, "ಯಾವ ವಚನದಲ್ಲಿ, ಅಜ್ಜ?" ಎಂದು ಮೆಲ್ಲನೆ ಕೇಳಿದಳು. ಹಿಂದಿನ ಸಾಲಿನ ಹಿರಿಯರು ಆಕೆಯನ್ನು ಗದರಿದರು. ನಾನು ಅವಳ ಪರವಾಗಿಯೇ ನಿಂತೆ.

ಶರಣರ ಬಯಲು ಅಂತರಂಗದ ಅನುಭಾವ. ಅದಕ್ಕೆ ಯಾವ ಯಂತ್ರದ ಸಾಕ್ಷಿಯೂ ಬೇಡ. ಯಂತ್ರ ಕಂಡದ್ದಕ್ಕೆ ವಚನದ ಮುದ್ರೆಯೂ ಬೇಡ. ಆದರೆ ಅಲ್ಲಮಪ್ರಭುಗಳು ಶೂನ್ಯಪೀಠವನ್ನೇರಿದ್ದ ಅನುಭವ ಮಂಟಪದಲ್ಲಿ ಪ್ರಶ್ನೆಗೆ ಮನ್ನಣೆಯಿತ್ತು. ಹಿರಿಯರ ಮಾತೂ ಒರೆಗಲ್ಲನ್ನು ದಾಟಿಯೇ ಬರಬೇಕಿತ್ತು. ಕೆರೆಯ ನೀರಿನ ಮೇಲೆ ನಡೆದ ಆ ಪರೀಕ್ಷೆ ಈ ಪರಂಪರೆಗೆ ಹತ್ತಿರದ್ದು. ಮಕ್ಕಳ ಪ್ರಶ್ನೆಯನ್ನು ಗದರಿ ಅಡಗಿಸುವ ಮನೆ ಎಷ್ಟು ವಚನ ಹಾಡಿದರೂ ಮಂಟಪದಿಂದ ದೂರವೇ ಉಳಿದೀತು. ಬಂಧುಗಳು ಇದನ್ನು ಯೋಚಿಸಬೇಕಾಗಿ ವಿನಂತಿ.