ಟೆರಾಫ್ಲಾಪ್ ಲೆಕ್ಕ

ನಮ್ಮಕ್ಕನಿಗೆ ಈಗ ಟೆರಾಫ್ಲಾಪ್ ಅಂದ್ರೆ ಗೊತ್ತು. ಆರನೇ ಕ್ಲಾಸಿನ ಮಗ ಕಲಿಸಿದ್ದಾನೆ. ಪ್ಲೇಸ್ಟೇಷನ್ 4ರದ್ದು 1.84, ಪ್ಲೇಸ್ಟೇಷನ್ 5ರದ್ದು 10.28. ಅಂದ್ರೆ ಐದೂವರೆ ಪಟ್ಟು. ಹಾಗಾಗಿ ಮನೇಲಿರೋದು ಡಬ್ಬಾ ಅನ್ನೋದು ಅವನ ವಾದ. ಹೊಸದಕ್ಕೆ ಅರ್ಧ ಲಕ್ಷದ ಮಾತು. ಭಾವನ ಅಂಗಡಿ ವ್ಯಾಪಾರ ಈ ವರ್ಷ ಅಷ್ಟಕ್ಕಷ್ಟೇ. "ನೀನು ಇಂಜಿನಿಯರ್ ಅಲ್ವೇನೋ, ಅವನಿಗೆ ಬುದ್ಧಿ ಹೇಳು" ಅಂತ ಅಕ್ಕ ನನ್ನ ತಲೆಗೆ ಕಟ್ಟಿದಳು.

ಹುಡುಗನ ಲೆಕ್ಕ ಸರಿಯಾಗೇ ಇದೆ. ಒಂದು ಟೆರಾಫ್ಲಾಪ್ ಅಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ದಶಮಾಂಶದ ಲೆಕ್ಕ. ಆದರೆ ಯಂತ್ರದ ತಾಕತ್ತು ಒಂದೇ ಅಂಕಿಯಲ್ಲಿ ಸಿಗಲ್ಲ. 2006ರ ಪ್ಲೇಸ್ಟೇಷನ್ 3ರ ಪ್ರೊಸೆಸರ್ ಓಡುತ್ತಿದ್ದದ್ದು 3.2 ಗಿಗಾಹರ್ಟ್ಸ್‌ನಲ್ಲಿ, 2013ರ ಪ್ಲೇಸ್ಟೇಷನ್ 4ರದ್ದು 1.6ರಲ್ಲಿ. ವೇಗ ಅರ್ಧವಾದರೂ ಒಟ್ಟಾರೆ ಹೊಸದೇ ಜೋರು. ಯಾಕಂದ್ರೆ ಮೆಮೊರಿ 512 ಎಂಬಿಯಿಂದ 8 ಜಿಬಿಗೆ ಏರಿತ್ತು, ಗ್ರಾಫಿಕ್ಸ್ ಚಿಪ್ ಬಹಳ ಬಲವಾಗಿತ್ತು. ಹಳೆಯ ಸೆಲ್ ಚಿಪ್‌ನಿಂದ ಪೂರ್ತಿ ಕೆಲಸ ತೆಗೆಯೋದು ಪ್ರೋಗ್ರಾಮರ್‌ಗಳಿಗೆ ದೊಡ್ಡ ತಲೆನೋವು. ಅದೇ 2006ರಲ್ಲಿ ಬಂದ ನಿಂಟೆಂಡೊ ವೀ ಆ ಪೀಳಿಗೆಯಲ್ಲೇ ಬಡಪಾಯಿ, ಆದರೂ ಹತ್ತು ಕೋಟಿಗೂ ಹೆಚ್ಚು ಮಾರಾಟವಾಗಿ ಎಲ್ಲರನ್ನೂ ಹಿಂದೆ ಹಾಕಿತು.

ನಾವು ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿ ಆಡಿದ ಮಾರಿಯೋ ನೆನಪಿದೆಯಾ? ಮೂಲ ನಿಂಟೆಂಡೊ ಯಂತ್ರದ ಮೆಮೊರಿ 2 ಕೆಬಿ, ಇಡೀ ಆಟ 40 ಕೆಬಿ. (ನಮ್ಮ ಆಫೀಸಿನ ಮೇಲ್‌ಗಳಲ್ಲಿ ಬರೋ ಕಂಪನಿ ಲೋಗೋನೇ ಅದಕ್ಕಿಂತ ದಪ್ಪ ಇರಬಹುದು.) ಜಾಗ ಉಳಿಸೋಕೆ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ.

ಇದನ್ನೆಲ್ಲ ಹೇಳಿದಾಗ ಅಳಿಯ ನಕ್ಕ, ಆಮೇಲೆ ಮುಖ ಸಣ್ಣಗೆ ಮಾಡಿಕೊಂಡ. ಕೆದಕಿ ಕೇಳಿದ ಮೇಲೆ ವಿಷಯ ಹೊರಗೆ ಬಂತು. ಅವನ ಮೂವರು ಗೆಳೆಯರೂ ಪ್ಲೇಸ್ಟೇಷನ್ 5ಕ್ಕೆ ಹೋಗಿದ್ದಾರೆ. ಅವರು ಸಂಜೆ ಆಡೋ ಫುಟ್‌ಬಾಲ್ ಗೇಮ್‌ನಲ್ಲಿ ಹೊಸ ಆವೃತ್ತಿಯವರ ಜೊತೆ ಹಳೆಯದರವರು ಆನ್‌ಲೈನ್ ಸೇರೋ ಹಾಗಿಲ್ಲ. ಎರಡು ತಿಂಗಳಿಂದ ಒಬ್ಬನೇ ಕಂಪ್ಯೂಟರ್ ವಿರುದ್ಧ ಆಡ್ತಿದ್ದಾನೆ. ಟೆರಾಫ್ಲಾಪ್ ಅಂದರೆ ಮನೆಯವರು ಕೇಳ್ತಾರೆ, "ನನ್ನನ್ನ ಸೇರಿಸ್ಕೊಳ್ತಿಲ್ಲ" ಅಂತ ಹೇಗೆ ಹೇಳೋದು?

ಅಕ್ಕನಿಗೆ ಇಷ್ಟನ್ನೇ ತಿಳಿಸಿದೆ. ಹಳೆಯದನ್ನು ಮಾರಿ, ಸೆಕೆಂಡ್ ಹ್ಯಾಂಡ್ ಒಂದನ್ನು ಹುಡುಕೋಣ, ಅರ್ಧ ದುಡ್ಡು ನಂದು ಅಂದಿದ್ದೀನಿ. ಭಾವ ಇನ್ನೂ ಹೂಂ ಅಂದಿಲ್ಲ.