ಎರಡನೆಯ ಪಂಕ್ತಿ

ಮದುವೆಯ ಮನೆಯಲ್ಲಿ ಎರಡನೆಯ ಪಂಕ್ತಿಗಾಗಿ ಕಾದು ನಿಂತವರಿಗೇ ಗೊತ್ತು, ಒಳಗಿನಿಂದ ಬರುವ ಸಾರಿನ ಪರಿಮಳ ಎಷ್ಟು ಕ್ರೂರವಾದುದೆಂದು. ಪುಸ್ತಕಗಳ ಲೋಕದಲ್ಲಿಯೂ ಇಂಥದೊಂದು ಪಂಕ್ತಿಭೇದವಿದೆಯೆಂದು ನಾನು ತಿಳಿದದ್ದು ನನ್ನ ಅಕ್ಕನಿಂದ.

ಅಕ್ಕ ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆಯ ಕೆಲಸ. ನಮ್ಮ ಮನೆತನದಲ್ಲಿ ಮೊದಲ ಪದವೀಧರನೆನಿಸಿಕೊಳ್ಳುವ ಭಾಗ್ಯ ನನ್ನದಾಗುತ್ತಿದ್ದರೆ ಅದು ಅವಳ ಸಂಬಳದ ಪುಣ್ಯ. ನಾಲ್ವರು ಹೆಂಗಸರ ಬಾಡಿಗೆಯ ಕೋಣೆಯಲ್ಲಿ ರಾತ್ರಿ ಹತ್ತಕ್ಕೆ ದೀಪ ಆರುತ್ತದೆ. ಆಮೇಲೆಯೇ ಅವಳ ಓದು. ಮೊಬೈಲಿನ ಪುಸ್ತಕಕ್ಕೆ ಅದರದೇ ಬೆಳಕು. ಕಾಗದದ ಪುಸ್ತಕಕ್ಕೆ ಅಲ್ಲಿ ಬೆಳಕೂ ಇಲ್ಲ, ಇಡಲು ಜಾಗವೂ ಇಲ್ಲ.

ಕಳೆದ ವರ್ಷ ಅವಳು ಹಂಬಲಿಸಿದ ಕಾದಂಬರಿಯೊಂದು ಅಚ್ಚಾಗಿ ಹೊರಬಂದಿತು. ಇ-ಪುಸ್ತಕ ಎಂದು ಬರುವುದೆಂದು ವಿಚಾರಿಸಿದರೆ, ‘ಅಚ್ಚಾದ ಪ್ರತಿಗಳು ಮೊದಲು ಖರ್ಚಾಗಲಿ’ ಎಂಬ ಉತ್ತರ. ನಾಲ್ಕು ತಿಂಗಳ ಮೇಲೆ ಅದು ಬಂದಾಗ ನಾನೇ ಉತ್ಸಾಹದಿಂದ ಫೋನು ಮಾಡಿದೆ.

“ಆ ದುಡ್ಡು ನಿನ್ನ ಪರೀಕ್ಷೆ ಫೀಸಿಗೆ ಹೋಯಿತಲ್ಲೋ!” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಪ್ರಕಾಶಕರನ್ನು ಹಳಿಯುವುದು ಸುಲಭ. ಆದರೆ ಕಾಗದಕ್ಕೂ ಅಚ್ಚಿಗೂ ಮೊದಲೇ ಹಣ ಸುರಿದವರಿಗೆ, ಅಗ್ಗದ ಪ್ರತಿ ಜೊತೆಗೇ ಬಂದರೆ ಕಟ್ಟುಗಳು ಗೋದಾಮಿನಲ್ಲಿಯೇ ಉಳಿದಾವೆಂಬ ಭಯ ಸಹಜವೇ. ಅಮೆರಿಕದ ಶ್ರೀಮಂತ ಪ್ರಕಾಶಕರನ್ನೂ ಈ ಭಯ ಬಿಟ್ಟಿಲ್ಲ. 2009ರ ನವೆಂಬರಿನಲ್ಲಿ ಸ್ಟೀಫನ್ ಕಿಂಗರ ‘ಅಂಡರ್ ದ ಡೋಮ್’ 35 ಡಾಲರ್ ಮುಖಬೆಲೆಯಲ್ಲಿ ಅಚ್ಚಾಗಿ ಬಂದಿತು. ಅದರ ಇ-ಪುಸ್ತಕವನ್ನು ಡಿಸೆಂಬರ್ 24ರವರೆಗೆ ತಡೆಹಿಡಿದರು. ಅಮೆಜಾನ್ ಆಗ ಇಂಥ ಹೊಸ ಇ-ಪುಸ್ತಕಗಳನ್ನು 9.99 ಡಾಲರಿಗೆ ಮಾರುತ್ತಿತ್ತು.

ಇಷ್ಟಕ್ಕೂ ತಡೆದುದರಿಂದ ಲಾಭವಾಯಿತೆ? 2010ರಲ್ಲಿ ಒಂದು ಪ್ರಕಾಶನದ ಹೊಸ ಇ-ಪುಸ್ತಕಗಳು ಅಮೆಜಾನಿನಲ್ಲಿ ಸುಮಾರು ಎರಡು ತಿಂಗಳು ದೊರೆಯಲಿಲ್ಲ. ಆ ಪ್ರಸಂಗವನ್ನು ಪರಿಶೀಲಿಸಿದ ಚೆನ್, ಹೂ, ಸ್ಮಿತ್ ಎಂಬ ವಿದ್ವಾಂಸರಿಗೆ ಕಂಡದ್ದಿಷ್ಟು: ಅಚ್ಚಿನ ಪುಸ್ತಕದ ಮಾರಾಟ ಹೇಳಿಕೊಳ್ಳುವಷ್ಟು ಏರಲಿಲ್ಲ, ತಡವಾಗಿ ಬಂದ ಇ-ಪುಸ್ತಕದ ಮಾರಾಟ ಮಾತ್ರ ಶೇಕಡ 40ಕ್ಕೂ ಹೆಚ್ಚು ಕುಸಿಯಿತು.

ಅಕ್ಕನನ್ನು ಬಲ್ಲ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಎರಡನೆಯ ಪಂಕ್ತಿಯವನು ಮೊದಲನೆಯದಕ್ಕೆ ನುಗ್ಗುವುದಿಲ್ಲ. ಕಾದು ಸಾಕಾಗಿ, ಹಸಿದೇ ಮನೆಗೆ ನಡೆಯುತ್ತಾನೆ. ಬಡಿಸುವವರಿಗೆ ಅವನು ಹೋದುದೇ ತಿಳಿಯದು.

ಈ ಸಂಚಿಕೆ ಅಚ್ಚಾಗಿ ಕೈಗೆ ಬಂದ ದಿನವೇ ಈ ಪುಟಗಳ ಚಿತ್ರ ತೆಗೆದು ಅಕ್ಕನ ಮೊಬೈಲಿಗೆ ಕಳುಹಿಸುವವನಿದ್ದೇನೆ. ಸಂಪಾದಕರು ಮನ್ನಿಸಬೇಕು. ಒಮ್ಮೆಯಾದರೂ ಅವಳು ಮೊದಲ ಪಂಕ್ತಿಯಲ್ಲಿ ಕೂರಲಿ.